ಮಳೆ ಹಿಡಿಯುವ ಮೊದಲೇ ಟ್ಯೂಷನ್ ತಯಾರಿ

ಕುಮಟಾದಲ್ಲಿ ನಮ್ಮ ಮನೆ ಜಗಲಿಯ ಮೇಲೆ ಟ್ಯೂಷನ್ ಶುರು ಮಾಡಿ 13 ವರ್ಷ ಆಯಿತು. ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನ. ಪ್ರತಿ ವರ್ಷ ಮೇ ತಿಂಗಳು ಬಂತು ಅಂದರೆ ಬಿ.ಇಡಿ ಮುಗಿಸಿ ಮನೆಯಲ್ಲಿರುವ ಯಾರಾದರೂ ಹುಡುಗಿ ಬಂದು ಕೇಳುತ್ತಾಳೆ: "ಅಕ್ಕೋರೆ, ನಾನೂ ಈ ಸಲ ಟ್ಯೂಷನ್ ಮಾಡ್ತೆ, ಎಲ್ಲಿಂದ ಶುರು ಮಾಡೂದು?" ಅವಳ ತಲೆಯಲ್ಲಿ ಇರುವುದು ಬೋರ್ಡು, ಬೆಂಚು, ಗೇಟಿಗೆ ಕಟ್ಟುವ ಒಂದು ಫ್ಲೆಕ್ಸು. ಅದೆಲ್ಲ ಎರಡು ದಿನದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ನಮ್ಮ ಕರಾವಳಿಯಲ್ಲಿ ಶಾಲೆಯ ಕ್ಯಾಲೆಂಡರ್ ಒಂದನ್ನೇ ನೋಡಿಕೊಂಡು ಟ್ಯೂಷನ್ ನಡೆಸಲು ಹೊರಟರೆ ಆಗಸ್ಟ್ ಹೊತ್ತಿಗೆ ಎಲ್ಲ ತಪ್ಪಿ ಹೋಗುತ್ತದೆ. ಮಳೆಗೆ ಒಂದು ಕ್ಯಾಲೆಂಡರ್ ಇದೆ, ಕಡಲಿಗೆ ಒಂದು, ತೋಟಕ್ಕೆ ಒಂದು. ಮಕ್ಕಳು ಬರುವುದು, ಫೀ ಬರುವುದು ಎಲ್ಲ ಅದರ ಮೇಲೆಯೇ ನಿಂತಿದೆ.

ಹಾಗಾಗಿ ಮೇ ತಿಂಗಳಲ್ಲಿ ನಾನು ಏನೇನು ಮಾಡುತ್ತೇನೆ ಅಂತ ಒಂದೊಂದಾಗಿ ಹೇಳುತ್ತೇನೆ. ಹೊಸಬರಿಗೂ ಆಗುತ್ತದೆ, ಈಗಾಗಲೇ ನಡೆಸುತ್ತಿರುವವರಿಗೂ ಆಗಬಹುದು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ

ನೀವು ಯಾವುದಾದರೂ ಶಾಲೆಯಲ್ಲಿ ಶಿಕ್ಷಕರಾಗಿದ್ದರೆ ಇಲ್ಲಿಗೇ ನಿಲ್ಲಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಅನ್ನುತ್ತದೆ. ಮನೆಯಲ್ಲಿ ಒಬ್ಬರೇ ಹತ್ತಿಪ್ಪತ್ತು ಮಕ್ಕಳಿಗೆ ಹೇಳಿಕೊಡುವವರಿಗೆ ದೊಡ್ಡ ತಲೆಬಿಸಿ ಇಲ್ಲ. ಇಬ್ಬರು ಮೂವರು ಸೇರಿ, ಬಾಡಿಗೆ ಕಟ್ಟಡ ಹಿಡಿದು, ಬೋರ್ಡು ಹಾಕಿ ನಡೆಸುವುದಾದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್‌ಗಳಿಗೆ ನೋಂದಣಿ ಅಂತ ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಿಕೊಂಡೇ ಶುರು ಮಾಡಿ. 50ಕ್ಕಿಂತ ಜಾಸ್ತಿ ಮಕ್ಕಳಿದ್ದರೆ 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಕೋಚಿಂಗ್ ಸೆಂಟರ್ ಮಾರ್ಗಸೂಚಿ ಕೂಡ ನೋಡಬೇಕು. ಒಂದು ಮಗುವಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಇರಬೇಕು ಅನ್ನುವ ಮಾತು ಅದರಲ್ಲಿದೆ. ನನಗೆ ಅದು ಲಾಗೂ ಆಗುವುದಿಲ್ಲ, ಆದರೂ ಜಗಲಿಯನ್ನು ಅಳತೆ ಮಾಡಿ ನೋಡಿದ್ದೇನೆ.

ಎಷ್ಟು ಮಕ್ಕಳು ಅಂತ ಮೇ ತಿಂಗಳಲ್ಲೇ ಗಟ್ಟಿ ಮಾಡಿ

ಜಾಗ ಎಷ್ಟಿದೆ ಅಂತ ನೋಡಿ ಸಂಖ್ಯೆ ಇಡುವವರೇ ಜಾಸ್ತಿ. ನನ್ನ ಲೆಕ್ಕ ಬೇರೆ. ಒಂದು ಮಗುವಿನ ನೋಟ್‌ಬುಕ್ಕನ್ನು ಸರಿಯಾಗಿ ನೋಡಲು, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ ಬರೆಯಲು 6 ನಿಮಿಷ ಬೇಕು. 16 ಮಕ್ಕಳಾದರೆ 96 ನಿಮಿಷ. ರಾತ್ರಿ ಊಟಕ್ಕೆ ಮೊದಲು ಮುಗಿಯುತ್ತದೆ. ಒಂದು ವರ್ಷ ಯಾರಿಗೂ ಇಲ್ಲ ಅನ್ನಲು ಆಗದೆ 27 ಮಕ್ಕಳನ್ನು ಸೇರಿಸಿಕೊಂಡೆ. ಅಂದರೆ ದಿನಕ್ಕೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಗಂಟೆ ಬರೀ ನೋಟ್‌ಬುಕ್ಕು. ಜುಲೈ ಮುಗಿಯುವಷ್ಟರಲ್ಲಿ ನಾನು ಓದುವುದು ಬಿಟ್ಟು ಸುಮ್ನೆ ಟಿಕ್ ಹಾಕುತ್ತಿದ್ದೆ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಒಂದೇ ತಪ್ಪು ಹನ್ನೊಂದು ಸಲ ಇತ್ತು, ಹನ್ನೊಂದಕ್ಕೂ ನನ್ನ ಕೆಂಪು ಟಿಕ್ ಇತ್ತು. ಅದನ್ನು ನೋಡಿದ ದಿನ ನಿಶ್ಚಯ ಮಾಡಿದೆ, 16ರ ಮೇಲೆ ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ ಅಂತ. ನಿಮ್ಮ ಸಂಖ್ಯೆ 10 ಇರಬಹುದು, 20 ಇರಬಹುದು. ಆದರೆ ಮೇ ತಿಂಗಳಲ್ಲೇ ಕಾಗದದ ಮೇಲೆ ಬರೆದಿಡಿ. ಜೂನ್‌ನಲ್ಲಿ ಪರಿಚಯದವರು ಬಂದು ಬಾಗಿಲಲ್ಲಿ ನಿಂತಾಗ ಅದು ನೆನಪಾಗಬೇಕು.

ವರ್ಷದ ಹಾಳೆ

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತನ್ನಿ. ಹನ್ನೆರಡು ಮನೆ ಹಾಕಿ. ಮೊದಲು ಶಾಲೆಯದ್ದು ಬರೆಯಿರಿ: ಮೇ ಕೊನೆಯ ವಾರ ಶಾಲೆ ಶುರು, ಎಫ್‌ಎ ಅನ್ನುವ ನಡುನಡುವಿನ ಸಣ್ಣ ಪರೀಕ್ಷೆಗಳು, ದಸರೆಗೆ ಮೊದಲು ಎಸ್‌ಎ ಅನ್ನುವ ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ, ಹತ್ತನೆಯವರಿಗೆ ಜನವರಿ ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚ್‌ನಿಂದ ಮುಖ್ಯ ಪರೀಕ್ಷೆ. ಶಿಕ್ಷಣ ಇಲಾಖೆ ವಾರ್ಷಿಕ ವೇಳಾಪಟ್ಟಿ ಹೊರಡಿಸುತ್ತದೆ, ಅದರ ತಾರೀಕನ್ನೇ ಬಳಸಿ.

ಈಗ ಬೇರೆ ಬಣ್ಣದ ಪೆನ್ನು ತೆಗೆದುಕೊಳ್ಳಿ. ಊರಿನದ್ದನ್ನು ಬರೆಯಿರಿ.

ಜೂನ್, ಜುಲೈ: ಮಳೆ. ಜಿಲ್ಲಾಧಿಕಾರಿಗಳು ರಜೆ ಕೊಡುವ ದಿನಗಳು ಈ ಎರಡು ತಿಂಗಳಲ್ಲಿ ಎಷ್ಟು ಬರುತ್ತವೆ ಅಂತ ಯಾರೂ ಹೇಳಲು ಆಗುವುದಿಲ್ಲ, ಬರುವುದಂತೂ ಖಂಡಿತ. ಹಾಗಾಗಿ ಜೂನ್ ಜುಲೈನಲ್ಲಿ ವಾರಕ್ಕೆ ಆರು ದಿನ ಪಾಠ ಅಂತ ಲೆಕ್ಕ ಹಾಕಬೇಡಿ. ನಾಲ್ಕು ದಿನ ಅಂತ ಹಾಕಿ. ಐದನೇ ದಿನ ಸಿಕ್ಕರೆ ಲಾಭ.

ಚೌತಿಗೆ ಕನಿಷ್ಠ ಐದು ದಿನ ಬಿಡಿ. ಮಗು ಪುಸ್ತಕ ಹಿಡಿದು ಬಂದರೂ ಮನಸ್ಸು ಗಣಪತಿ ಹತ್ತಿರ ಇರುತ್ತದೆ, ಅಲ್ವಾ? ಮಾರ್ಚ್ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಸುಗ್ಗಿ ಕುಣಿತ. ಹೋಳಿ ಹುಣ್ಣಿಮೆಯ ಹೊತ್ತಿನ ಆ ಕುಣಿತ ಹತ್ತನೇ ತರಗತಿಯ ಪರೀಕ್ಷೆಯ ಆಸುಪಾಸಿಗೇ ಬರುತ್ತದೆ. ಹುಡುಗ ಸುಗ್ಗಿ ಬಿಟ್ಟು ಓದಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ಅದು ಅವನ ಮನೆಯ ದೊಡ್ಡ ಹಬ್ಬ. ಅದರ ಬದಲು ಅವನ ಪುನರಾವರ್ತನೆಯನ್ನು ಫೆಬ್ರವರಿ ಮೂರನೇ ವಾರಕ್ಕೇ ಮುಗಿಸುತ್ತೇನೆ. ಶಿರಸಿಯಲ್ಲಿ ಟ್ಯೂಷನ್ ಹೇಳುವ ನನ್ನ ಗೆಳತಿಗೂ ಇದೇ ಪಾಡು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದು ಸರಿಯಾಗಿ ಪರೀಕ್ಷೆ ಹತ್ತಿರ ಇರುವಾಗ. ಜಾತ್ರೆ ವರ್ಷದ ಹಾಳೆಯನ್ನು ಅವಳು ಬೇರೆಯೇ ಮಾಡುತ್ತಾಳೆ, ಆ ಎಂಟು ಒಂಬತ್ತು ದಿನ ಖಾಲಿ ಬಿಟ್ಟು ಹಿಂದಿನಿಂದ ಎಣಿಸಿಕೊಂಡು ಬರುತ್ತಾಳೆ.

ಇದೆಲ್ಲ ತುಂಬಿದ ಮೇಲೆ ಉಳಿದ ದಿನಗಳನ್ನು ಎಣಿಸಿ. ಮೊದಲ ಸಲ ಎಣಿಸಿದವರಿಗೆ ಗಾಬರಿ ಆಗುತ್ತದೆ. ಆದರೆ ಪಾಠಗಳನ್ನು ಹಂಚಬೇಕಾದದ್ದು ಆ ದಿನಗಳಿಗೇ.

ಮಳೆ ಹಾಳೆ

ಇದು ನಾನೇ ಮಾಡಿಕೊಂಡ ವ್ಯವಸ್ಥೆ, ತುಂಬ ಉಪಯೋಗಕ್ಕೆ ಬಂದಿದೆ. ಮೇ ತಿಂಗಳಲ್ಲೇ ಪ್ರತಿ ತರಗತಿಗೆ 10 ಹಾಳೆ ಸಿದ್ಧ ಮಾಡುತ್ತೇನೆ, ಒಂದೊಂದರಲ್ಲಿ ಹಿಂದಿನ ವರ್ಷದ ಪಾಠದ ಮೇಲೆ ಎಂಟು ಲೆಕ್ಕ ಮತ್ತು ವಿಜ್ಞಾನದ ನಾಲ್ಕು ಪ್ರಶ್ನೆ. 1ರಿಂದ 10 ಅಂತ ನಂಬರ್ ಹಾಕಿ, ಜೆರಾಕ್ಸ್ ಮಾಡಿ, ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಮೊದಲ ದಿನವೇ ಮಕ್ಕಳ ಕೈಗೆ ಕೊಡುತ್ತೇನೆ. ರಜೆ ಘೋಷಣೆಯಾದ ಬೆಳಿಗ್ಗೆ ಮನೆಯವರ ವಾಟ್ಸಾಪ್‌ಗೆ ಒಂದೇ ಸಾಲು: "ಇವತ್ತು ಟ್ಯೂಷನ್ ಇಲ್ಲ, ಹಾಳೆ 3." ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ ಅಂದರೂ ಹಾಳೆ ಮನೆಯಲ್ಲಿ ಇರುತ್ತದೆ. ಮೆಸೇಜ್ ಹೋಗದಿದ್ದರೆ ಮುಂದಿನ ನಂಬರ್ ಮಾಡಬೇಕು ಅಂತ ಮಕ್ಕಳಿಗೇ ಗೊತ್ತು. ಆನ್‌ಲೈನ್ ಕ್ಲಾಸ್ ಮಾಡಬಹುದಲ್ಲ ಅನ್ನುತ್ತಾರೆ. ಮೂರೂರಿನ ಕಡೆಯ ಮಕ್ಕಳಿಗೆ ಜೋರು ಮಳೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಸಿಕ್ಕಿದರೂ ಫೋನ್ ಅಪ್ಪನ ಹತ್ತಿರ.

ಶಾಲೆಗೆ ಮಳೆ ರಜೆ ಅಂದರೆ ಟ್ಯೂಷನ್‌ಗೂ ರಜೆ. ಇದರಲ್ಲಿ ಎರಡು ಮಾತಿಲ್ಲ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ನಂತರ ಎಷ್ಟೋ ದಿನ ಮನೆಯವರಿಗೆ ಮಕ್ಕಳನ್ನು ಹೊರಗೆ ಕಳಿಸಲು ಧೈರ್ಯ ಬರಲಿಲ್ಲ. ಒಂದು ಪಾಠ ಹಿಂದೆ ಬಿದ್ದರೆ ಭಾನುವಾರ ಕೂತು ಮುಗಿಸಬಹುದು.

ಫೀ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಲೆಕ್ಕ. ತಿಂಗಳಿಗೆ 700 ರೂಪಾಯಿ ಅಂತ ಇಟ್ಟುಕೊಳ್ಳಿ. 16 ಮಕ್ಕಳು, ದುಡಿಮೆ 10 ತಿಂಗಳು: 1,12,000 ರೂಪಾಯಿ. ಜೆರಾಕ್ಸ್, ಮಾರ್ಕರ್, ಕರೆಂಟ್ ಬಿಲ್ಲಿನ ಪಾಲು, ಬ್ಯಾಟರಿ, ರಿಪೇರಿ ಅಂತ 16,000 ತೆಗೆದರೆ ಉಳಿಯುವುದು 96,000. ಊಟ ಮಾಡುವುದು 12 ತಿಂಗಳು ಅಲ್ವಾ? ಅಂದರೆ ತಿಂಗಳಿಗೆ 8,000. ಹೊಸಬರು 700ನ್ನು 16ರಿಂದ ಗುಣಿಸಿ "ತಿಂಗಳಿಗೆ 11,200" ಅಂತ ಖುಷಿಪಡುತ್ತಾರೆ, ಏಪ್ರಿಲ್ ಬಂದಾಗ ಕೈ ಖಾಲಿ. ನಿಮ್ಮ ಊರಿನ ದರ, ನಿಮ್ಮ ಮಕ್ಕಳ ಸಂಖ್ಯೆ ಹಾಕಿ ಇದೇ ಲೆಕ್ಕ ಒಂದು ಸಲ ಮಾಡಿ ನೋಡಿ, ಆಮೇಲೆ ದರ ಹೇಳಿ. ವರ್ಷದ ನಡುವೆ ಏರಿಸಲು ಹೋಗಬೇಡಿ.

ಈಗ ಫೀ ಯಾವಾಗ ಕೇಳಬೇಕು ಅನ್ನುವ ಮಾತು. ಶುರುವಿನ ವರ್ಷಗಳಲ್ಲಿ ನಾನು "ಜೂನ್ 10ರೊಳಗೆ ಎರಡು ತಿಂಗಳ ಫೀ ಮುಂಗಡ" ಅಂತ ಚೀಟಿ ಕೊಟ್ಟಿದ್ದೆ. ವನ್ನಳ್ಳಿ ಕಡೆಯಿಂದ ಬರುತ್ತಿದ್ದ ಅಣ್ಣ ತಂಗಿ ಇಬ್ಬರೂ ಜೂನ್ ಎರಡನೇ ವಾರದಿಂದ ಬರುವುದು ನಿಲ್ಲಿಸಿದರು. ಹುಷಾರಿಲ್ಲವೇನೋ ಅಂದುಕೊಂಡೆ. ಆಗಸ್ಟ್‌ನಲ್ಲಿ ಮೀನು ಮಾರ್ಕೆಟ್‌ನಲ್ಲಿ ಅವರ ತಾಯಿ ಸಿಕ್ಕಿದರು. ಬಂಗಡೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದವರು ನನ್ನನ್ನು ನೋಡಿ ತಲೆ ತಗ್ಗಿಸಿದರು. "ಬೋಟು ಇಳೀಲಿ ಅಂತ ಕಾಯ್ತಿದ್ದೆ ಅಕ್ಕೋರೆ. ಈಗ ಇಳದದೆ, ಕೊಡ್ತೆ. ಮಕ್ಕಳು ನಾಚ್ಕೆ ಮಾಡ್ಕಂಡು ಬರಲಿಲ್ಲ."

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಆದರೂ ಯೂನಿಫಾರ್ಮ್, ಪುಸ್ತಕ, ಕೊಡೆ ಅಂತ ಎಲ್ಲ ಖರ್ಚು ಒಟ್ಟಿಗೆ ಬರುವ, ಒಂದು ರೂಪಾಯಿ ಆದಾಯ ಇಲ್ಲದ ಆ ಎರಡು ತಿಂಗಳಲ್ಲೇ ನಾನು ಮುಂಗಡ ಕೇಳಿದ್ದೆ. ಮಕ್ಕಳಿಬ್ಬರ ಎರಡು ತಿಂಗಳ ಪಾಠ ಹೋಯಿತು. ಅದನ್ನು ಸರಿ ಮಾಡಲು ಡಿಸೆಂಬರ್ ತನಕ ಬೇಕಾಯಿತು.

ಆಮೇಲಿಂದ ನಾನು ತಿಂಗಳ ಫೀ ಅನ್ನುವುದನ್ನೇ ಬಿಟ್ಟೆ. ವರ್ಷಕ್ಕೆ 7,000 ಅಂತ ಹೇಳುತ್ತೇನೆ, ಮೂರು ಕಂತು. ಯಾವ ಮೂರು ತಿಂಗಳು ಅಂತ ಮನೆಯವರೇ ಹೇಳಬೇಕು. ನೋಡಿ, ಮೀನುಗಾರರ ಮನೆಯವರು ಸೆಪ್ಟೆಂಬರ್, ನವೆಂಬರ್, ಜನವರಿ ಅನ್ನುತ್ತಾರೆ. ಅಳ್ವೇಕೋಡಿ ಕಡೆ ಈರುಳ್ಳಿ ಬೆಳೆಯುವವರ ಕೈಯಲ್ಲಿ ಬೇಸಿಗೆಯಲ್ಲಿ ದುಡ್ಡು ಇರುತ್ತದೆ, ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ಮಾರಿದ ದುಡ್ಡು. ಅವರು ಮೇ ತಿಂಗಳಲ್ಲೇ ಒಂದು ಕಂತು ತಂದು ಕೊಡುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ, ಖರ್ಚಾಗಿ ಹೋಗುತ್ತದೆ ಅಂತ. ಅಡಿಕೆ ತೋಟದವರಿಗೆ ಕೊಯ್ಲು ಮುಗಿದು, ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಅಡಿಕೆ) ಒಣಗಿ, ಮಾರಾಟ ಆದ ಮೇಲೆ. ಸಂಬಳದವರಿಗೆ ಯಾವ ತಿಂಗಳಾದರೂ ಸರಿ. ಹೀಗೆ ಎಲ್ಲ ಬೇರೆ ಬೇರೆ ಹೊತ್ತಿಗೆ ಕೊಡುವುದರಿಂದ ನನಗೂ ವರ್ಷವಿಡೀ ಸ್ವಲ್ಪ ಸ್ವಲ್ಪ ಬರುತ್ತಾ ಇರುತ್ತದೆ, ಇದು ನಾನು ಯೋಚಿಸಿ ಮಾಡಿದ್ದಲ್ಲ, ಆದ ಮೇಲೆ ಗೊತ್ತಾಯಿತು. ಆದರೂ ಜೂನ್ ಜುಲೈ ಬಿಗಿ ಇರುತ್ತದೆ. ಮಾರ್ಚ್‌ನಲ್ಲಿ ಬಂದದ್ದರಲ್ಲಿ ಎರಡು ತಿಂಗಳ ಮನೆ ಖರ್ಚನ್ನು ತೆಗೆದಿಟ್ಟಿರಲೇಬೇಕು.

ಕಂತಿನ ತಿಂಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯವರ ಸಹಿ ಹಾಕಿಸಿ. ಯುಪಿಐನಲ್ಲಿ ಬಂದರೂ ಪುಸ್ತಕದಲ್ಲಿ ಬರೆಯಿರಿ. ಟ್ಯೂಷನ್‌ಗೆ ಅಂತಲೇ ಒಂದು ಬ್ಯಾಂಕ್ ಖಾತೆ ಇಟ್ಟರೆ ಮನೆ ಲೆಕ್ಕದ ಜೊತೆ ಕಲಸಿ ಹೋಗುವುದಿಲ್ಲ. ಮತ್ತೊಂದು ಮಾತು, ಫೀ ವಿಷಯವನ್ನು ಮಗುವಿನ ಹತ್ತಿರ ಎತ್ತಲೇಬೇಡಿ. "ಅಮ್ಮಂಗೆ ನೆನಪು ಮಾಡು" ಅನ್ನುವ ಸಣ್ಣ ಮಾತೂ ಬೇಡ. ಫೋನ್ ಇದೆಯಲ್ಲ, ಮನೆಯವರಿಗೇ ಮಾಡಿ.

ಜಾಗ

ಕರಾವಳಿಯ ಜೂನ್ ಅಂದರೆ ನೆಲ ಬೆವರುತ್ತದೆ, ಗೋಡೆ ಬೆವರುತ್ತದೆ. ಹತ್ತಿ ಚಾಪೆ, ಜಮಖಾನೆ ಹಾಕಿದರೆ ಹದಿನೈದು ದಿನದಲ್ಲಿ ಬೂಷ್ಟು. ಪ್ಲಾಸ್ಟಿಕ್ ಚಾಪೆ ತನ್ನಿ, ಆದರೆ ಗಿಡ್ಡ ಬೆಂಚು ಸಿಕ್ಕರೆ ಇನ್ನೂ ಒಳ್ಳೆಯದು. ಜಗಲಿಯ ಗಾಳಿ ಬರುವ ಬದಿಗೆ ತಾಡಪಾಲು ಮೇ 20ರೊಳಗೆ ಕಟ್ಟಿಸಿ. ಮೊದಲ ಮಳೆ ಬಿದ್ದ ಮೇಲೆ ಕಟ್ಟುವವರು ಯಾರೂ ಸಿಗುವುದಿಲ್ಲ. ಸೀಮೆಸುಣ್ಣ ಮಳೆಗಾಲದಲ್ಲಿ ತೇವ ಹಿಡಿದು ಬರೆಯುವುದೇ ಇಲ್ಲ, ನಾನು ಬಿಳಿ ಬೋರ್ಡಿಗೆ ಬದಲಾದೆ. ಜೆರಾಕ್ಸ್ ಕೂಡ ಮೇ ತಿಂಗಳಲ್ಲೇ ಮುಗಿಸಿ. ಜುಲೈನಲ್ಲಿ ಕಾಗದ ಮೆತ್ತಗಾಗಿ ಮೆಷಿನ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಕರೆಂಟ್ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಮರ ಬಿದ್ದರೆ ಹೆಸ್ಕಾಂನವರು ಬಂದು ತಂತಿ ಕಟ್ಟುವ ತನಕ ಕಾಯಬೇಕು. ಇನ್ವರ್ಟರ್ ಇದ್ದರೆ ಬ್ಯಾಟರಿ ನೀರು ನೋಡಿಸಿ, ಇಲ್ಲದಿದ್ದರೆ ಚಾರ್ಜ್ ಆಗುವ ಎರಡು ಎಲ್‌ಇಡಿ ಬಲ್ಬು ಸಾಕು. ಬಾಗಿಲ ಹೊರಗೆ ಕೊಡೆ ನಿಲ್ಲಿಸಲು ಒಂದು ದೊಡ್ಡ ಬಕೆಟ್, ತಲೆ ಒರೆಸಿಕೊಳ್ಳಲು ಎರಡು ಒಣ ಟವೆಲ್. ಚಿರೆಕಲ್ಲಿನ ಮೆಟ್ಟಿಲು ಇದ್ದರೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ. ಬ್ಯಾಗ್ ಹೊತ್ತ ಮಗು ಅಲ್ಲಿ ಜಾರಿದರೆ ನೇರ ತಲೆಗೇ ಪೆಟ್ಟು.

ಸಮಯ ಇಡುವಾಗ ಬಸ್ಸು ನೋಡಿ ಇಡಿ. ಮಿರ್ಜಾನ, ಧಾರೇಶ್ವರ, ಕತಗಾಲ ಕಡೆಯ ಮಕ್ಕಳಿಗೆ ಯಾವ ಬಸ್ಸು ಅಂತ ಮೊದಲು ಕೇಳಿ, ಆಮೇಲೆ ಬ್ಯಾಚ್ ಹಂಚಿ. ನನ್ನಲ್ಲಿ ಸಂಜೆ 5ರಿಂದ 6:15, ದೂರದವರೆಲ್ಲ ಅದರಲ್ಲೇ. ಊರೊಳಗಿನವರಿಗೆ ಬೆಳಿಗ್ಗೆ 7ಕ್ಕೆ. ಹತ್ತನೆಯವರಿಗೆ ಶಾಲೆಯಲ್ಲೇ ವಿಶೇಷ ತರಗತಿ ಇರುತ್ತದೆ, ಅದು ಬೆಳಿಗ್ಗೆಯೋ ಸಂಜೆಯೋ ಅಂತ ಶಾಲೆಯಲ್ಲಿ ವಿಚಾರಿಸಿಯೇ ಸಮಯ ಹೇಳಿ.

ಮೊದಲ ವಾರ ಹೊಸ ಪಾಠ ಬೇಡ

ಪುಸ್ತಕದ ಚಿಂತೆ ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಹಳೆಯ ಪ್ರತಿಯನ್ನೇ ನಂಬಿ ಕೂರದೆ ಪ್ರತಿ ವರ್ಷ ಹೊಸದನ್ನು ಇಳಿಸಿಕೊಂಡು ಪಾಠಗಳ ಪಟ್ಟಿ ಹೋಲಿಸಿ ನೋಡಿ. ಹತ್ತನೆಯವರಿಗೆ ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಇಳಿಸಿಟ್ಟುಕೊಳ್ಳಿ.

ಆದರೆ ಮೊದಲ ವಾರ ಆ ಪುಸ್ತಕ ತೆರೆಯಲೇಬೇಡಿ. ಮಗುವಿಗೆ ಏನು ಬರುತ್ತದೆ ಅಂತ ನೋಡಿ. ನಾನು 20 ಪ್ರಶ್ನೆಯ ಒಂದು ಪತ್ರಿಕೆ ಮಾಡುತ್ತೇನೆ, ಐದರಿಂದ ಏಳನೇ ತರಗತಿಯ ಮಟ್ಟದ್ದು: ದಶಕ ತಂದು ಕಳೆಯುವುದು, ಭಿನ್ನರಾಶಿ, ದಶಮಾಂಶ, ಶೇಕಡ, ಋಣ ಸಂಖ್ಯೆ, ಒಂದು ಸರಳ ಸಮೀಕರಣ. ಅಂಕ ಕೊಡುವುದಿಲ್ಲ. ಉತ್ತರ ಸರಿಯೋ ತಪ್ಪೋ ಅನ್ನುವುದಕ್ಕಿಂತ ಪಕ್ಕದಲ್ಲಿ ಮಾಡಿದ ಚಿಲ್ಲರೆ ಲೆಕ್ಕ ನೋಡುತ್ತೇನೆ, ಹಾಗಾಗಿ ರಬ್ಬರ್ ಕೊಡುವುದಿಲ್ಲ.

ಕಳೆದ ವರ್ಷ ಒಂಬತ್ತನೇ ತರಗತಿಗೆ ಸೇರಿದ ಒಬ್ಬ ಹುಡುಗ ಬರೆದಿದ್ದ: 1/2 + 1/3 = 2/5. ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು. ತಪ್ಪು ಅಂತ ಹೇಳಲಿಲ್ಲ. "ತಮ್ಮಾ, ಅರ್ಧ ದೋಸೆ ಇದೆ, ಅದಕ್ಕೆ ಇನ್ನೊಂದು ತುಂಡು ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಆಗುತ್ತದಾ, ಕಡಿಮೆ ಆಗುತ್ತದಾ?" ಅಂದೆ. ಜಾಸ್ತಿ ಅಂದ. "ನಿನ್ನ 2/5 ಅರ್ಧಕ್ಕಿಂತ ಜಾಸ್ತಿಯಾ?" ಅವನು ಐದು ಗೆರೆ ಎಳೆದು, ಎರಡಕ್ಕೆ ಬಣ್ಣ ತುಂಬಿ, ಸುಮಾರು ಹೊತ್ತು ಅದನ್ನೇ ನೋಡಿದ. ಆಮೇಲೆ ತಾನೇ ಅಡ್ಡಗೆರೆ ಹೊಡೆದ. ಇವನಿಗೆ ನಾನು ಜೂನ್‌ನಲ್ಲಿ ಬಹುಪದೋಕ್ತಿ ಶುರು ಮಾಡಿದ್ದರೆ ವರ್ಷವಿಡೀ ಬಾಯಿಪಾಠ ಮಾಡುತ್ತಿದ್ದ.

ಎಂಟನೆಯವರಲ್ಲಿ ಇನ್ನೊಂದು ತೊಂದರೆ ಇದೆ. ಏಳರವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಪೇಟೆ ಹೈಸ್ಕೂಲಿನ ಇಂಗ್ಲಿಷ್ ಮಾಧ್ಯಮಕ್ಕೆ ಬರುವ ಮಕ್ಕಳು. ಕತಗಾಲ ಕಡೆಯ ಒಬ್ಬ ಹುಡುಗಿ ಎಲ್‌ಸಿಎಂ ಬರುವುದಿಲ್ಲ ಅಂತ ಅಳುವ ಹಾಗೆ ಕೂತಿದ್ದಳು. "ಲ.ಸಾ.ಅ. ಗೊತ್ತಾ ತಂಗಿ?" ಅಂದರೆ ಎರಡು ನಿಮಿಷದಲ್ಲಿ ಮಾಡಿ ತೋರಿಸಿದಳು. ಎರಡೂ ಒಂದೇ ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಈಗ ಗೋಡೆ ಮೇಲೆ ಒಂದು ಪಟ್ಟಿ ಇದೆ: ಅಂಶ ಅಂದರೆ ನ್ಯೂಮರೇಟರ್, ಛೇದ ಅಂದರೆ ಡಿನಾಮಿನೇಟರ್, ತ್ರಿಜ್ಯ ರೇಡಿಯಸ್, ವ್ಯಾಸ ಡಯಾಮೀಟರ್, ಮ.ಸಾ.ಅ. ಎಚ್‌ಸಿಎಫ್, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್. ನೀವೂ ಒಂದು ನೂರು ಶಬ್ದದ ಪಟ್ಟಿ ಮೇ ತಿಂಗಳಲ್ಲೇ ಬರೆದು ಅಂಟಿಸಿ. ಇಡೀ ತಯಾರಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದು, ಎಂಟನೆಯವರಿಗೆ ಅತಿ ಜಾಸ್ತಿ ಉಪಯೋಗಕ್ಕೆ ಬರುವುದೂ ಇದೇ.

ಪತ್ರಿಕೆ ನೋಡಿದ ಮೇಲೆ ಪ್ರತಿ ಮಗುವಿಗೆ ಒಂದು ಕಾರ್ಡು. ಅದರಲ್ಲಿ "ಗಣಿತದಲ್ಲಿ ಹಿಂದೆ" ಅಂತ ಬರೆಯಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಛೇದ ಕೂಡಿಸುತ್ತಾನೆ", "-7 + 3 ಅಂದರೆ -10 ಬರೆಯುತ್ತಾಳೆ", "ಪ್ರಶ್ನೆ ಓದುವುದು ನಿಧಾನ, ಲೆಕ್ಕ ಸರಿ" ಅಂತ ಬರೆಯಿರಿ. ಜೂನ್ ತಿಂಗಳ ಪಾಠ ಆ ಕಾರ್ಡಿನಿಂದಲೇ ಸಿದ್ಧವಾಗುತ್ತದೆ.

ಮನೆಯವರ ಜೊತೆ

ಶಾಲೆ ಶುರುವಾಗುವ ಮೊದಲಿನ ಭಾನುವಾರ ಮನೆಯವರನ್ನು ಕರೆಯುತ್ತೇನೆ, ಒಂದು ಲೋಟ ಕೋಕಂ ಶರಬತ್ತು, ಅರ್ಧ ಗಂಟೆ ಮಾತು. ಕೆಲವು ವಿಷಯ ಅಲ್ಲೇ ಸ್ಪಷ್ಟ ಮಾಡಿಬಿಡಿ. ಮಗು ಬರದಿದ್ದರೆ ನಾನು ಹತ್ತು ನಿಮಿಷದಲ್ಲಿ ಫೋನ್ ಮಾಡುತ್ತೇನೆ, ಎತ್ತಬೇಕು. ಬ್ಯಾಚ್ ನಡೆಯುವಾಗ ಬಾಗಿಲು ತೆರೆದೇ ಇರುತ್ತದೆ, ಯಾರು ಯಾವಾಗ ಬೇಕಾದರೂ ಬಂದು ನೋಡಬಹುದು. ಮೆಸೇಜ್ ಏನಿದ್ದರೂ ದೊಡ್ಡವರ ಫೋನಿಗೆ, ಮಕ್ಕಳಿಗೆ ಬೇರೆಯಾಗಿ ಕಳಿಸುವುದಿಲ್ಲ. ಮಗು ಮನೆ ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಬೇಕು, ಬಸ್ಸಿನಲ್ಲಿ ಹೋಗುವವರಂತೂ ಕಡ್ಡಾಯ. ಪರೀಕ್ಷೆಯಲ್ಲಿ ಇಷ್ಟೇ ಅಂಕ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಇದನ್ನು ಕೇಳಿ ಒಬ್ಬಿಬ್ಬರು ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಅವತ್ತು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಮಗು ಎಲ್ಲಿ ಕೂತು ಓದುತ್ತದೆ? ಟಿವಿ ಮುಂದೆ, ಅಡುಗೆಮನೆ ಮೂಲೆಯಲ್ಲಿ, ಅಜ್ಜಿ ಮಂಚದ ಮೇಲೆ, ಹೀಗೆ ಒಬ್ಬೊಬ್ಬರದು ಒಂದೊಂದು. ಜಾಗವೇ ಇಲ್ಲದ ಮನೆಗಳೂ ಇವೆ. ಅಂಥ ಮಕ್ಕಳಿಗೆ ಬ್ಯಾಚ್ ಮುಗಿದ ಮೇಲೂ ನಮ್ಮ ಜಗಲಿಯಲ್ಲಿ ಅರ್ಧ ಗಂಟೆ ಕೂರಲು ಬಿಡುತ್ತೇನೆ, ಮುಂದಿನ ಬಸ್ಸಿನ ತನಕ. ಅದಕ್ಕೆ ಫೀ ಇಲ್ಲ. ಕಳೆದ ಮಳೆಗಾಲದಲ್ಲಿ ಮೂವರು ಹೀಗೆ ಕೂರುತ್ತಿದ್ದರು, ಕರೆಂಟ್ ಹೋದರೆ ಚಾರ್ಜಿನ ಬಲ್ಬನ್ನು ನಡುವೆ ಇಟ್ಟುಕೊಂಡು. ಹಾಗಾಗಿ ಈ ವರ್ಷ ಮೂರನೇ ಬಲ್ಬೊಂದನ್ನು ತಂದಿಟ್ಟಿದ್ದೇನೆ.